ಎಲ್ಲಾ ಗೊತ್ತಿರೂ ಕಾಕಾ

ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲ್ಲೂಕುಗಳಲ್ಲಿ ಯಾರ ಮನೆಗೆ ಪಾಯ ತೋಡಿದರೂ ಒಬ್ಬ ಕಾಕಾ ಹಾಜರ್. ಬಿಳಿ ಅಂಗಿ, ಕಿಸೆಯಲ್ಲಿ ಟೇಪು, ಬಾಯಲ್ಲಿ ಎಲೆ-ಅಡಿಕೆ. ಎಂಜಿನಿಯರ್ ನಕ್ಷೆ ಬಿಚ್ಚುವ ಮೊದಲೇ ಅದರಲ್ಲಿ ತಪ್ಪು ಹುಡುಕಿರುತ್ತಾರೆ. ಒಲೆ ಆಗ್ನೇಯಕ್ಕೇ ಇರಬೇಕೆಂದು ವರ್ಷಗಟ್ಟಲೆ ವಾಸ್ತು ಹೇಳಿದವರು, ಮಗಳ ಪುಣೆ ಫ್ಲಾಟ್ ನೋಡಿ ಬಂದ ಮೇಲೆ ಒಲೆಕಟ್ಟೆಯನ್ನು ಅಡಿಗೆಮನೆಯ ನಟ್ಟನಡುವೆ ತಂದು ನಿಲ್ಲಿಸಿದ್ದಾರೆ.

"ಐಲ್ಯಾಂಡ್ ಅಂತಾರ ಇದಕ್ಕ. ನಾಕೂ ಕಡೆ ಓಡಾಡಿ ಅಡಿಗಿ ಮಾಡಬಹುದು." ಕಾಕಾ ಈವರೆಗೆ ಒಂದು ಕಪ್ ಚಹಾ ಕಾಸಿದ್ದನ್ನು ಕಾಕು ನೋಡಿಲ್ಲ.

ಗೋಕಾಕದಲ್ಲಿ ತಮ್ಮನ ಮಗನ ಮನೆ. ಗ್ರಾನೈಟಿನ ಬಣ್ಣಕ್ಕೇ ತಿಂಗಳು ಹಿಡಿಯಿತು. ಗೃಹಪ್ರವೇಶದ ಹಿಂದಿನ ದಿನ ಗ್ಯಾಸ್ ಏಜೆನ್ಸಿಯ ಹುಡುಗ ಬಂದು ಕೇಳಿದ: "ಕಾಕಾರ, ಸಿಲಿಂಡರ್ ಎಲ್ಲಿ ಇಡೂದ್ರಿ?"

"ಕಟ್ಟಿ ಒಳಗ ಕಪಾಟ ಮಾಡಿಸೇನಿ. ಬಾಗಲಾ ಹಾಕಿದ್ರ ಕಾಣಂಗಿಲ್ಲ."

ಹುಡುಗ ಕುಕ್ಕರಗಾಲಲ್ಲಿ ಕೂತು ಒಳಗೆ ಇಣುಕಿದ. ಗಾಳಿಯಾಡಲು ಒಂದು ತೂತೂ ಇಲ್ಲ. "ಗ್ಯಾಸ್ ಸೋರಿದ್ರ ಎಲ್ಲಿ ಹೋಗಬೇಕ್ರಿ?"

"ಮ್ಯಾಲ ಚಿಮಣಿ ಐತಲ್ಲೋ ತಮ್ಮಾ!"

"ಎಲ್‌ಪಿಜಿ ಗಾಳಿಗಿಂತ ಭಾರ್ರಿ. ಮ್ಯಾಲ ಏರಂಗಿಲ್ಲ, ನೆಲಕ್ಕ ಇಳದು ಇದ ಕಪಾಟಿನ್ಯಾಗ ತುಂಬಕೋತೈತಿ. ಆಮ್ಯಾಲ ಒಂದ ಕಿಡಿ ಸಾಕು."

ಕಾಕಾ ಕರದಂಟಿನ ತಟ್ಟೆ ಮುಂದೆ ಸರಿಸಿದರು. ಹುಡುಗ ತಿಂದ, ಮಾತು ಮಾತ್ರ ಬಿಡಲಿಲ್ಲ. ಸಿಲಿಂಡರ್ ಗೋಡೆಯ ಹೊರಗೆ, ಗಾಳಿಯಾಡುವಲ್ಲಿ, ನೆಟ್ಟಗೆ ನಿಲ್ಲಬೇಕು. "ಹಂಗಾರ ಇಪ್ಪತ್ತ ಫೂಟ್ ರಬ್ಬರ್ ಪೈಪ್ ತಗೊಂಡ್ ಬಾ" ಎಂದರು ಕಾಕಾ. ಅದನ್ನು ಒಂದೂವರೆ ಮೀಟರಿಗಿಂತ ಉದ್ದ ಹಾಕುವಂತಿಲ್ಲ, ಐದು ವರ್ಷಕ್ಕೊಮ್ಮೆ ಬದಲಿಸಲೇಬೇಕು. ನಡುವಿನ ಕಟ್ಟೆಗೆ ತಾಮ್ರದ ಪೈಪೇ ಗತಿ. ಅದು ನೆಲದಡಿ ಹೋಗಬೇಕು, ನೆಲದೊಳಗೆ ಜಾಯಿಂಟ್ ಇರಕೂಡದು, ಒಲೆಯ ಹತ್ತಿರ ಕೈಗೆ ಸಿಗುವಂತೆ ವಾಲ್ವ್ ಬೇಕು. ಇದೆಲ್ಲ ಫರಸಿ ಹಾಕುವ ಮೊದಲೇ ಆಗಬೇಕಿತ್ತು.

ಕಾಕಾ ಹೊಳೆಯುವ ಫರಸಿ ನೋಡಿದರು, ಎಲೆ-ಅಡಿಕೆ ನುಂಗಿದರು.

ಗೃಹಪ್ರವೇಶ ಹಿತ್ತಲಿನ ಹಳೆಯ ಒಲೆಯ ಮೇಲೆಯೇ ಸಾಗಿತು. ಆಮೇಲೆ ಫರಸಿ ಒಡೆದು ಪೈಪ್ ಹಾಕಿದರು. ಸೋರಿಕೆ ನೋಡಲು ಕಾಕಾ ಕಡ್ಡಿಪೆಟ್ಟಿಗೆ ತೆಗೆದರು. ಕಾಕು ಕಸಿದುಕೊಂಡು ಸೆರಗಿನಲ್ಲಿ ಕಟ್ಟಿಕೊಂಡರು. ಹುಡುಗ ಸಾಬೂನಿನ ನೊರೆ ಹಚ್ಚಿದ. ಗುಳ್ಳೆ ಏಳಲಿಲ್ಲ.

ಮೂಡಲಗಿಯ ಮನೆಯಲ್ಲಿ ಕಾಕಾನ ಸಲಹೆಯಂತೆ ಫ್ಯಾನ್ ಒಲೆಯ ನೆತ್ತಿಗೇ ಬಂದಿದೆ. ಅದರ ಗಾಳಿಗೆ ಉರಿ ಆರಿದರೆ ಗ್ಯಾಸ್ ತಾನೇ ಬಂದಾಗುವ ಒಲೆ ಅಂಗಡಿಯಲ್ಲಿತ್ತು. ಕಾಕಾ ಆರಿಸಿದ್ದು ಬಂಗಾರ ಬಣ್ಣದ ನಾಬಿನದನ್ನು. ಈಗ ಆ ಮನೆಯಲ್ಲಿ ಒಗ್ಗರಣೆ ಹಾಕುವಾಗ ಒಬ್ಬರು ಫ್ಯಾನಿನ ಬಟನ್ ಕಾಯುತ್ತ ನಿಲ್ಲಬೇಕು.

ಸದ್ಯ ಕಾಕಾ ಹುಕ್ಕೇರಿಯಲ್ಲಿದ್ದಾರೆ. ಪಾಯ ಇನ್ನೂ ತುಂಬಿಲ್ಲ, ಅಷ್ಟರಲ್ಲೇ ಟೇಪು ಬಿಚ್ಚಿ ಎಲ್ಲರನ್ನೂ ಗದರುತ್ತಿದ್ದಾರೆ: "ಮೊದಲ ಸಿಲಿಂಡರ್ ಎಲ್ಲಿ ಇಡ್ತೀರಿ ಹೇಳ್ರಿ! ಎಲ್‌ಪಿಜಿ ಭಾರ ಇರ್ತೈತಿ, ನಿಮಗ ಗೊತ್ತೈತೇನು?"

ಮನೆಯವರು ಮೆಲ್ಲಗೆ ಹೇಳಿದರು, "ಕಾಕಾ, ನಾವು ಕರೆಂಟ್ ಒಲೀನ ಹಾಕಸ್ತೇವಿ." ಹುಕ್ಕೇರಿಯಲ್ಲಿ 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವೇ ಕರೆಂಟ್ ಹಂಚುತ್ತದೆ, ಅಲ್ಲಿಯವರಿಗೆ ಅದರ ಮೇಲೆ ಒಂದಿಷ್ಟು ಅಭಿಮಾನ.

ಕಾಕಾ ಟೇಪು ಸುತ್ತಿ ಕಿಸೆಗೆ ಹಾಕಿದರು.

"ನಾನೂ ಅದನ್ನ ಹೇಳಾವ ಇದ್ದೆ."