ಹಾಜರಿ ಕೂಗಿದ ಹಾಲಿವುಡ್

1927ರಲ್ಲಿ ‘ದಿ ಜಾಝ್ ಸಿಂಗರ್’ ಎಂಬ ಚಿತ್ರ ಹಾಡಿದ್ದೇ ತಡ, ಅದುವರೆಗೆ ಮೂಕಿಚಿತ್ರ ತೆಗೆಯುತ್ತಿದ್ದ ಹಾಲಿವುಡ್ಡಿನ ಸ್ಟುಡಿಯೋ ಧಣಿಗಳ ನಿದ್ದೆ ಹಾರಿತು. ವಾರವಾರವೂ ಸಂಬಳ ಎಣಿಸಿಕೊಳ್ಳುವ ಈ ಸುಂದರಾಂಗ, ಸುಂದರಿಯರ ಗಂಟಲು ಹೇಗಿದೆಯೋ ಬಲ್ಲವರಾರು? ಒಬ್ಬೊಬ್ಬರಿಗೂ ಕತೆ ಹೊಸೆಯುವ ಗೋಜೇ ಬೇಡವೆಂದು ಎಲ್ಲರನ್ನೂ ಒಂದೇ ವೇದಿಕೆ ಹತ್ತಿಸಿಬಿಟ್ಟರು. ಒಂದು ಹಾಡು, ಒಂದು ಕುಣಿತ, ಒಂದು ಪ್ರಹಸನ, ನಡುನಡುವೆ ಹಲ್ಲು ಕಿರಿಯುವ ನಿರೂಪಕ. ಥೇಟ್ ಶಾಲಾ ವಾರ್ಷಿಕೋತ್ಸವ: ಏನೂ ಬಾರದವನೂ ಮರವಾಗಿಯಾದರೂ ನಿಲ್ಲಲೇಬೇಕು.

ಎಂಜಿಎಂ ಕಂಪನಿಯ ‘ದಿ ಹಾಲಿವುಡ್ ರೆವ್ಯೂ ಆಫ್ 1929’ರಲ್ಲಿ ಜಾನ್ ಗಿಲ್ಬರ್ಟ್, ನಾರ್ಮಾ ಶಿಯರರ್ ಬಣ್ಣದಲ್ಲಿ ರೋಮಿಯೋ-ಜೂಲಿಯೆಟ್ ಆಡುತ್ತಾರೆ, ಆಮೇಲೆ ಅದೇ ಪ್ರಣಯವನ್ನು ಬೀದಿಮಾತಿನಲ್ಲಿ ಇನ್ನೊಮ್ಮೆ ಒಪ್ಪಿಸುತ್ತಾರೆ. ಲಾರೆಲ್ ಮತ್ತು ಹಾರ್ಡಿ ಜಾದೂ ಮಾಡಲು ಹೋಗಿ ಎಡವಟ್ಟು ಮಾಡಿಕೊಳ್ಳುತ್ತಾರೆ. ಕೊನೆಗೆ ಇಡೀ ಬಳಗ ಮಳೆಯಂಗಿ ತೊಟ್ಟು ‘ಸಿಂಗಿನ್ ಇನ್ ದ ರೇನ್’ ಹಾಡುವಾಗ ಬಸ್ಟರ್ ಕೀಟನ್ ಮಾತ್ರ ತುಟಿ ಬಿಚ್ಚುವುದಿಲ್ಲ. ಇಷ್ಟೆಲ್ಲ ಗದ್ದಲದಲ್ಲಿ ನನ್ನ ಕಣ್ಣು ಹೋಗಿ ನಿಲ್ಲುವುದು ಆ ಬಿಗಿದ ಮುಖದ ಮೇಲೆಯೇ. ಜಾಣೆ ಗ್ರೆಟಾ ಗಾರ್ಬೊ ಈ ಕಡೆ ತಲೆಯನ್ನೇ ಹಾಕಲಿಲ್ಲ. ಲಾನ್ ಚಾನಿಯೂ ಬರಲಿಲ್ಲ. ಆದರೆ ಅವನ ಹೆಸರಿನಲ್ಲಿ ಹೆದರಿಸುವ ಹಾಡೊಂದನ್ನು ಹಾಡಿಸಿ ಹಾಜರಿ ಹಾಕಿಕೊಂಡರು!

ಪಕ್ಕದ ಮನೆಯವರು ಸುಮ್ಮನಿರುತ್ತಾರೆಯೇ? ವಾರ್ನರ್ ಸಹೋದರರು ಅದೇ ವರ್ಷ ‘ದಿ ಷೋ ಆಫ್ ಷೋಸ್’ ತೆಗೆದರು. ಅದರಲ್ಲಿ ಜಾನ್ ಬ್ಯಾರಿಮೋರ್ ಷೇಕ್ಸ್‌ಪಿಯರನ ಗೂನುಬೆನ್ನಿನ ರಿಚರ್ಡನಾಗಿ ಗರ್ಜಿಸಿದ. ಅದೇ ವೇದಿಕೆಯಲ್ಲಿ ರಿನ್ ಟಿನ್ ಟಿನ್ ಎಂಬ ನಾಯಿ ಬೊಗಳಿ ಇನ್ನೊಂದು ಹಾಡಿಗೆ ಪೀಠಿಕೆ ಹಾಕಿತು. ಗಂಟಲಿನ ಪರೀಕ್ಷೆಯಲ್ಲಿ ಆತಂಕವಿಲ್ಲದೆ ಪಾಸಾದ ತಾರೆ ಬಹುಶಃ ಅದೊಂದೇ.

ನನ್ನ ಮೆಚ್ಚಿನದು ಯೂನಿವರ್ಸಲ್ಲಿನವರ ‘ಕಿಂಗ್ ಆಫ್ ಜಾಝ್’ (1930). ದಢೂತಿ ವಾದ್ಯವೃಂದನಾಯಕ ಪಾಲ್ ವೈಟ್‌ಮನ್ನನೇ ನಾಯಕ. ಜಾರ್ಜ್ ಗರ್ಶ್ವಿನ್ನನ ‘ರ‍್ಯಾಪ್ಸೊಡಿ ಇನ್ ಬ್ಲೂ’ ಅದರ ಕಿರೀಟ; ಹೆಸರಿಗೆ ತಕ್ಕಂತೆ ತೆರೆ ತುಂಬ ನೀಲಿ ಬೇಕು. ಆದರೆ ಆಗಿನ ಟೆಕ್ನಿಕಲರ್‌ಗೆ ಗೊತ್ತಿದ್ದದ್ದು ಕೆಂಪು, ಹಸಿರು ಎರಡೇ! ಸೆಟ್ಟು, ಬಟ್ಟೆಗಳ ಬಣ್ಣಗಳನ್ನು ತಿದ್ದಿ ತೀಡಿ, ನೀಲಿಯೆಂದು ನಂಬಬಹುದಾದ ಹಸಿರುಛಾಯೆಯೊಂದನ್ನು ಹೊರಡಿಸಿದರು. ಆ ವೃಂದದ ಹುಡುಗ ಬಿಂಗ್ ಕ್ರಾಸ್ಬಿಗೆ ಅದರಲ್ಲೊಂದು ಒಂಟಿ ಹಾಡು ಸಿಗುವುದಿತ್ತು. ಪಾನನಿಷೇಧದ ಆ ಕಾಲದಲ್ಲಿ ಕುಡಿದು ಕಾರು ಗುದ್ದಿಸಿ ಜೈಲು ಸೇರಿದ. ಹಾಡು ಜಾನ್ ಬೋಲ್ಸನ ಪಾಲಾಯಿತು.

ಅಷ್ಟರಲ್ಲಿ ಪ್ರೇಕ್ಷಕರಿಗೂ ಸಾಕಾಗಿತ್ತು. ಹಾಡೆಂದರೆ ಮುಖ ತಿರುಗಿಸುವವರಿಗಾಗಿ, ತಮ್ಮ ಚಿತ್ರ ಸಂಗೀತಮಯವಲ್ಲ ಎಂದೇ ಜಾಹೀರಾತು ಕೊಡುವ ಚಿತ್ರಮಂದಿರಗಳು ಹುಟ್ಟಿಕೊಂಡವು. ‘ಕಿಂಗ್ ಆಫ್ ಜಾಝ್’ ಅಮೆರಿಕದಲ್ಲಿ ಸೋತಿತು. ಪುಣ್ಯಕ್ಕೆ, ಕತೆಯೇ ಇಲ್ಲದ ಚಿತ್ರಕ್ಕೆ ಭಾಷೆಯ ಹಂಗು ಕಡಿಮೆ. ನಿರೂಪಕನನ್ನು ಬದಲಿಸಿದರೆ ಬೇರೆ ದೇಶಕ್ಕೆ ಸಿದ್ಧ. ಹಂಗೇರಿಯವರಿಗೆ ನಗುನಗುತ್ತ ಹಾಡು-ಕುಣಿತ ಪರಿಚಯಿಸಲು ಯೂನಿವರ್ಸಲ್ ಹಿಡಿದು ತಂದದ್ದು ಬೇಲಾ ಲುಗೋಸಿಯನ್ನು. ಮರುವರ್ಷವೇ ಅದೇ ಕಂಪನಿ ಅವನಿಗೆ ಕರಿಯ ನಿಲುವಂಗಿ ತೊಡಿಸಿ ಡ್ರಾಕುಲಾ ಮಾಡಿತು.