ಗ್ರುಯೆತ್ಸಿ ಮೀಮಾಂಸೆ

ಗ್ರಂಥಾರಂಭಕ್ಕೆ ಗಣಪತಿಯನ್ನು ನೆನೆಯುವುದು ನಮ್ಮಲ್ಲಿ ವಾಡಿಕೆ. ಆದರೆ ಈ ಗ್ರಂಥ ಹುಟ್ಟಿದ್ದು ಜ್ಯೂರಿಕ್‌ನ ಒಂದು ಬಾಡಿಗೆ ಕಟ್ಟಡದಲ್ಲಿ. ಅಲ್ಲಿ ವಿಘ್ನ ಒಡ್ಡುವವನೂ ಕಳೆಯುವವನೂ ಹೌಸ್‌ವಾರ್ಟ್ ಒಬ್ಬನೇ. ಕಟ್ಟಡದ ಮೇಲ್ವಿಚಾರಕ ಎಂದು ಕನ್ನಡಿಸಿದರೆ ಅರ್ಥ ಬಂದೀತು, ಭಯ ಬಾರದು. ಆದ್ದರಿಂದ ಮೊದಲ ನಮಸ್ಕಾರ ಅವನಿಗೆ. ಎರಡನೆಯದು ಮೂರನೇ ಮಹಡಿಯಮ್ಮನಿಗೆ. ಆಕೆ ಬೈಯದೆ ಹೋಗಿದ್ದರೆ ಈ ಶಾಸ್ತ್ರ ಪೂರ್ತಿಯಾಗುತ್ತಿರಲಿಲ್ಲ. ಆ ಕಥೆ ಆಮೇಲೆ.

ಶಾಸ್ತ್ರ ಎಂದಮೇಲೆ ಅನುಬಂಧ ಚತುಷ್ಟಯ ಹೇಳದೆ ಮುಂದೆ ಹೋಗುವಂತಿಲ್ಲ. ವಿಷಯ: ಪರದೇಶಿಯೊಬ್ಬ ಸ್ವಿಟ್ಜರ್ಲೆಂಡಿನಲ್ಲಿ ಬೈಸಿಕೊಳ್ಳದೆ ಬಾಳುವ ಬಗೆ. ಪ್ರಯೋಜನ: ಹೌಸ್‌ವಾರ್ಟ್‌ನ ಕೃಪೆ. ಅಧಿಕಾರಿ: ವಾಸದ ‘ಬಿ’ ಪರವಾನಗಿ ಕೈಯಲ್ಲಿರುವವನು. ಕಾಯಂ ವಾಸದ ‘ಸಿ’ ಸಿಕ್ಕವನು ಸಿದ್ಧಪುರುಷ, ಅವನಿಗೆ ಶಾಸ್ತ್ರದ ಹಂಗಿಲ್ಲ. ಪ್ರವಾಸಿಯಂತೂ ಅನಧಿಕಾರಿ, ಅವನು ರೈಲಲ್ಲಿ ಕೂತು 3,454 ಮೀಟರ್ ಎತ್ತರದ ಯುಂಗ್‌ಫ್ರಾಉಯೋಖ್‌ಗೆ ಹೋಗಿ, ಹಿಮದ ಮುಂದೆ ಸ್ವೆಟರ್ ಬಿಚ್ಚಿ ಫೋಟೊ ತೆಗೆಸಿಕೊಂಡು ಬರಲಿ. ನನ್ನ ಭಾವ ಅಂಥ ಅನಧಿಕಾರಿ. ತುಮಕೂರಿನಿಂದ ಹದಿನೈದು ದಿನಕ್ಕೆಂದು ಬಂದಿದ್ದರು. ಈ ಗ್ರಂಥದ ಪೂರ್ವಪಕ್ಷವೆಲ್ಲ ಅವರದೇ.

ಉಳಿದದ್ದು ಸಂಬಂಧ. ಕನ್ನಡಕ್ಕೂ ಈ ಗುಡ್ಡಗಾಡಿಗೂ ಏನು ಸಂಬಂಧ ಎಂದು ಭಾವ ವಿಮಾನ ನಿಲ್ದಾಣದಲ್ಲೇ ಕೇಳಿದ್ದರು. 1815ರಲ್ಲಿ ಬಾಸೆಲ್ ಊರಿನಲ್ಲಿ ಹುಟ್ಟಿದ ಮಿಶನ್ನಿನ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದಿಳಿದರು. 1843ರಲ್ಲಿ ಅದೇ ಮಿಶನ್ನಿನ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದ. 1894ರಲ್ಲಿ ಕಿಟೆಲ್ ನಿಘಂಟು ಅಚ್ಚಾಯಿತು, ಸುಮಾರು ಎಪ್ಪತ್ತು ಸಾವಿರ ಪದ. ಇಬ್ಬರೂ ಹುಟ್ಟಿನಿಂದ ಜರ್ಮನರು, ಕಳಿಸಿಕೊಟ್ಟ ಊರು ಸ್ವಿಸ್. ಅವರು ಅಲ್ಲಿಗೆ ಹೋಗಿ ನಮ್ಮ ಮಾತು ಕಲಿತ ಋಣವನ್ನು ನಾನು ಇಲ್ಲಿಗೆ ಬಂದು ತೀರಿಸುತ್ತಿದ್ದೇನೆ. ಐದು ವರ್ಷದಲ್ಲಿ ಇನ್ನೂರು ಪದವಾಗಿದೆ. ಉಳಿದದ್ದನ್ನು ಮುಂದಿನ ಜನ್ಮಗಳಿಗೆ ಹಂಚಿಕೊಂಡಿದ್ದೇನೆ.

ಈಗ ಮೊದಲ ಸೂತ್ರ. ಕಂಡವರಿಗೆ ಗ್ರುಯೆತ್ಸಿ, ಕಾಣದವರಿಗೆ ಚೀಟಿ.

‘ಗ್ರುಯೆತ್ಸಿ’ ಜ್ಯೂರಿಕ್ ಸೀಮೆಯ ನಮಸ್ಕಾರ. ‘ದೇವರು ನಿಮ್ಮನ್ನು ವಿಚಾರಿಸಿಕೊಳ್ಳಲಿ’ ಎಂಬಂಥ ಹಳೆಯ ಹರಕೆಯೊಂದು ಸವೆದು ಸವೆದು ಇಷ್ಟಾಗಿದೆ. ದೇವರು ಬಿದ್ದುಹೋಗಿ ವಿಚಾರಣೆಯಷ್ಟೇ ಉಳಿದಿದೆ. ಎದುರಿಗೆ ಒಬ್ಬರಿಗಿಂತ ಹೆಚ್ಚು ಜನರಿದ್ದರೆ ‘ಗ್ರುಯೆತ್ಸಿ ಮಿತೆನಾಂದ್’, ಅಂದರೆ ಎಲ್ಲರಿಗೂ ಸೇರಿಸಿ ಒಂದೇ. ಬರ್ನ್‌ಗೆ ಹೋದರೆ ಪಾಠಾಂತರ ‘ಗ್ರುಯೆಸ್ಸೆಖ್’. ಲಿಫ್ಟಿನಲ್ಲಿ ಹೇಳಬೇಕು, ಅಂಗಡಿಯಲ್ಲಿ ಹೇಳಬೇಕು, ಡಾಕ್ಟರ ಬಳಿ ಕಾಯುವ ಕೋಣೆಗೆ ಕಾಲಿಟ್ಟ ಕೂಡಲೇ ಅಲ್ಲಿ ಕೆಮ್ಮುತ್ತ ಕೂತವರಿಗೆಲ್ಲ ಹೇಳಬೇಕು. ‘ಕಾಯಿಲೆ ಬಿದ್ದೋರೆಲ್ಲ ನಿಂಗೆ ಪರಿಚಯವೇನಪ್ಪಾ?’ ಎಂದು ಭಾವ ಕೇಳಿದರು. ಪರಿಚಯವಿದ್ದರೆ ಹೇಳಬೇಕಾದ್ದು ಬೇರೆ, ‘ಸಾಲಿ’ ಅಥವಾ ‘ಹೋಯ್’. ನಮ್ಮ ದಕ್ಷಿಣ ಕನ್ನಡದಲ್ಲಿ ದಾರಿಹೋಕರನ್ನು ಕೂಗಿ ನಿಲ್ಲಿಸುವ ‘ಹೋಯ್’ ಅಲ್ಲ ಇದು, ಆದರೆ ಅಲ್ಲಿನವರಿಗೆ ಕಲಿಯಲು ಸುಲಭ.

ಎಲ್ಲಿ ಹೇಳಬಾರದು ಎಂಬುದೇ ಕಠಿಣ. ಜ್ಯೂರಿಕ್‌ನ ಬಾನ್‌ಹೋಫ್‌ಸ್ಟ್ರಾಸೆಯಲ್ಲಿ ಎದುರು ಬಂದವರಿಗೆಲ್ಲ ಗ್ರುಯೆತ್ಸಿ ಎಂದರೆ ಚೀಲವನ್ನು ಎದೆಗೊತ್ತಿಕೊಂಡು ಪಕ್ಕಕ್ಕೆ ಸರಿಯುತ್ತಾರೆ. ಅದೇ ಜನ ಊರಂಚಿನ ಊಟ್ಲಿಬೆರ್ಗ್ ಗುಡ್ಡದ ಕಾಲುದಾರಿಯಲ್ಲಿ ಸಿಕ್ಕರೆ ತಾವಾಗಿಯೇ ಗ್ರುಯೆತ್ಸಿ ಎನ್ನುತ್ತಾರೆ. ಊರು ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಮೇಲಿದೆ, ಗುಡ್ಡದ ತುದಿ 870ರ ಆಸುಪಾಸು. ಸೌಜನ್ಯ ನಡುವೆ ಎಲ್ಲೋ ಶುರುವಾಗುತ್ತದೆ. ಎಷ್ಟನೆಯ ಮೀಟರಿನಲ್ಲಿ ಎಂದು ಪತ್ತೆಹಚ್ಚಲು ಮೂರು ಭಾನುವಾರ ಹತ್ತಿದೆ. ಗಡಿ ದಿನಕ್ಕೊಂದು ಕಡೆ ಇರುತ್ತದೆ. ಮಳೆ ಬಂದರೆ ಕೆಳಗಿಳಿಯುತ್ತದೆ.

ಚೀಟಿಯ ವಿಚಾರ ಸಂಕ್ಷೇಪವಾಗಿ. ಪ್ರತ್ಯಕ್ಷ, ಅನುಮಾನ, ಶಬ್ದ ಎಂಬ ಪ್ರಮಾಣಗಳಲ್ಲಿ ಇಲ್ಲಿ ಶಬ್ದವೇ ಬಲವಾದದ್ದು, ಅದು ಕಾಗದದ ಮೇಲಿದ್ದು ಅಂಟುಪಟ್ಟಿಯಲ್ಲಿ ಬಾಗಿಲಿಗೆ ಅಂಟಿರುತ್ತದೆ. ಕೊನೆಗೆ ‘ಸ್ನೇಹಪೂರ್ವಕ ವಂದನೆಗಳು’ ಎಂದಿರುತ್ತದೆ. ಅದಕ್ಕೂ ಮೊದಲು ಏನಿದೆ ಎಂಬುದನ್ನು ಕೆಳಗೆಳೆದ ಗೆರೆಗಳ ಸಂಖ್ಯೆಯಿಂದ ಊಹಿಸಿಕೊಳ್ಳಬೇಕು.

ಎರಡನೇ ಸೂತ್ರ ವ್ಯಾಕರಣಕ್ಕೆ ಸೇರಿದ್ದು: ‘ಲಿ’ ಸಪ್ತಮಿಯಲ್ಲ.

ಕನ್ನಡಿಗನ ಕಿವಿಗೆ ‘ಲಿ’ ಬಿದ್ದರೆ ಸಪ್ತಮಿ ವಿಭಕ್ತಿ. ಮನೇಲಿ, ಬಸ್ಸಲಿ, ಜೇಬಲಿ. ಬಂದ ಮೊದಲ ವಾರ ಬೇಕರಿಯವಳು ‘ಗಿಪ್ಫೆಲಿ?’ ಎಂದಳು. ಗಿಪ್ಫೆಯಲ್ಲಿ ಏನೋ ಆಗಿರಬೇಕು ಎಂದುಕೊಂಡು, ಗಿಪ್ಫೆ ಯಾವ ಜಿಲ್ಲೆಯೆಂದು ನಕ್ಷೆಯಲ್ಲಿ ಹುಡುಕಿದೆ. 26 ಕ್ಯಾಂಟನ್ನುಗಳಲ್ಲಿ ಎಲ್ಲೂ ಇಲ್ಲ. ಅದು ಅರ್ಧಚಂದ್ರಾಕಾರದ ಬೆಣ್ಣೆ ಬನ್ನು. ‘ಲಿ’ ಹಚ್ಚಿದರೆ ಯಾವುದೂ ಪುಟ್ಟದಾಗುತ್ತದೆ, ಮುದ್ದಾಗುತ್ತದೆ. ಗಜ್ಜರಿ ರುಯೆಬ್ಲಿ, ಬಿಯರು ಬಿಯರ್ಲಿ, ಒಂದು ಕ್ಷಣ ತಾಳಿ ಎನ್ನುವುದಕ್ಕೆ ಮೊಮೆಂತ್ಲಿ. ಹಣವೂ ಫ್ರೆಂಕ್ಲಿ. ಬಾಡಿಗೆಯ ಮೊತ್ತ ಕೇಳಿ ನನ್ನ ಮುಖ ಬಿಳಿಚಿದಾಗ ಮನೆ ತೋರಿಸಲು ಬಂದವನು ಎರಡು ಸಾವಿರ ಚಿಲ್ಲರೆ ಫ್ರೆಂಕ್ಲಿ ಎಂದು ಸಮಾಧಾನ ಮಾಡಿದ್ದ.

‘ಹೂಸ್ಲಿ’ ಎಂಬ ಪದವೂ ಉಂಟು, ಪುಟ್ಟ ಮನೆ ಎಂದರ್ಥ. ನಮ್ಮ ಹಳೇ ಮೈಸೂರು ಕಡೆ ಹಾಲು ಆಲಾಗುವ ಹಾಗೆ, ಭಾವನ ಕಿವಿಯಲ್ಲಿ ಹಕಾರ ಉದುರಿತು. ಹೊಟ್ಟೆ ಹಸಿದಿತ್ತು ಬೇರೆ. ಗುಡ್ಡದ ಮೇಲಿನ ಹೋಟೆಲಿನಲ್ಲಿ ಪಕ್ಕದ ಮೇಜಿನ ಮುದುಕ ಹೂಸ್ಲಿ ಎಲ್ಲಿ ಎಂದು ಕೇಳಿದ್ದನ್ನು ಕೇಳಿಸಿಕೊಂಡು, ‘ಇಲ್ಲಿ ಉಸ್ಲಿ ಸಿಗುತ್ತಂತೆ, ಕಡಲೇದಾ ಹೆಸರುಕಾಳಿಂದಾ ಕೇಳು’ ಎಂದರು. ಆ ಪದವನ್ನು ಇಲ್ಲಿನವರು ಕಕ್ಕಸಿಗೆ ಬಳಸುತ್ತಾರೆ ಎಂದು ಹೇಳಲು ನನಗೆ ಮನಸ್ಸು ಬರಲಿಲ್ಲ. ಮುದುಕ ಹೋದ ದಿಕ್ಕಿಗೆ ಅವರೂ ಹೋಗಿ ನೋಡಿ ಬಂದರು.

ಉಚ್ಚಾರಣೆಯ ಪರೀಕ್ಷೆಗೆ ಇಟ್ಟ ಪದ ‘ಖುಖಿಖೆಶ್ಟ್ಲಿ’, ಅಡುಗೆಮನೆಯ ಪುಟ್ಟ ಕಪಾಟು. ಹೊರಗಿನವರು ಸಿಕ್ಕರೆ ಇದೊಂದನ್ನು ಹೇಳಿಸಿ ನಗುವುದು ಇಲ್ಲಿನ ಹಳೆಯ ಆಟ. ಕನ್ನಡದ ಮಹಾಪ್ರಾಣ ಇಲ್ಲಿ ಕೆಲಸಕ್ಕೆ ಬಾರದು. ಈ ಖಕಾರ ಗಂಟಲನ್ನು ಕೆರೆದು ಹೊರಡಬೇಕು. ನಾನು ಹೇಳಿದ್ದು ಕುಕಿಕೆಶ್ಟ್ಲಿ. ನನ್ನ ಜೊತೆ ಕೆಲಸ ಮಾಡುವ ಹುಬ್ಬಳ್ಳಿಯ ಗೆಳೆಯ, ಮನೆಮಾತು ಉರ್ದು, ಮೊದಲ ಸಲಕ್ಕೇ ತಪ್ಪಿಲ್ಲದೆ ಹೇಳಿದ. ‘ಖಬರ್, ಖತ್, ಖರ್ಚು, ಅದೇ ಖಾ ಅಲ್ಲೇನೋ ಮಾರಾಯಾ’ ಎಂದ. ಸ್ವಿಸ್ ಜರ್ಮನ್ ಕಲಿಯಲು ಹುಬ್ಬಳ್ಳಿಯ ಮೂಲಕ ಹೋಗುವುದೇ ಹತ್ತಿರದ ದಾರಿ ಎಂಬುದು ಈ ಗ್ರಂಥಕಾರನ ನಿರ್ಣಯ.

ಕಾಲದ ವಿಚಾರದಲ್ಲಿ ಹೆಚ್ಚು ಹೇಳುವಂಥದ್ದಿಲ್ಲ, ಏಕೆಂದರೆ ಏಳು ಗಂಟೆ ಎಂದರೆ ಏಳು ಗಂಟೆ. ಆರೂ ಐವತ್ತಕ್ಕೆ ಹೋಗಿ ಬೆಲ್ ಒತ್ತಿದರೂ ಅಪರಾಧವೇ. ರಸ್ತೆಗೆ ಎರಡು ಸುತ್ತು ಹಾಕಿ, ಬಾಗಿಲ ಮುಂದೆ ನಿಂತು ಗಡಿಯಾರ ನೋಡುವ ಇನ್ನೊಬ್ಬ ಅತಿಥಿಗೆ ಗ್ರುಯೆತ್ಸಿ ಹೇಳಬೇಕು. ಆದರೆ ರೈಲು ನಿಲ್ದಾಣದ ಗಡಿಯಾರದ ಬಗ್ಗೆ ಒಂದು ರಹಸ್ಯ ಹೇಳಲೇಬೇಕು. 1944ರಲ್ಲಿ ಹಾನ್ಸ್ ಹಿಲ್ಫಿಕರ್ ಎಂಬ ಎಂಜಿನಿಯರ್ ಮಾಡಿದ್ದು. ಸೆಕೆಂಡಿನ ಕೆಂಪು ಮುಳ್ಳು ಆಮೇಲೆ ಸೇರಿತು. ಅದಕ್ಕೆ, ರೈಲು ಬಿಡುವಾಗ ಸಿಬ್ಬಂದಿ ಎತ್ತಿ ತೋರಿಸುತ್ತಿದ್ದ ದುಂಡು ಫಲಕದ ಆಕಾರ. ಈ ಮುಳ್ಳು ಒಂದು ಸುತ್ತನ್ನು 60 ಸೆಕೆಂಡಿಗಲ್ಲ, ಸುಮಾರು 58.5 ಸೆಕೆಂಡಿಗೆ ಮುಗಿಸಿ, ಹನ್ನೆರಡರ ನೆತ್ತಿಯ ಮೇಲೆ ಸುಮ್ಮನೆ ನಿಂತುಬಿಡುತ್ತದೆ. ಮುಖ್ಯ ಗಡಿಯಾರದಿಂದ ಸಂಜ್ಞೆ ಬಂದಮೇಲೆ ನಿಮಿಷದ ಮುಳ್ಳು ಟಕ್ಕೆಂದು ಹಾರುತ್ತದೆ, ಆಗ ಇದೂ ಹೊರಡುತ್ತದೆ. ಇಡೀ ದೇಶ ಒಟ್ಟಿಗೆ ಉಸಿರು ಬಿಗಿಹಿಡಿಯುವ ಆ ಒಂದೂವರೆ ಸೆಕೆಂಡಿನಲ್ಲಿ ಭಾವ ಎಂದೂ ರೈಲು ಹಿಡಿಯಲಿಲ್ಲ. ‘ಗಡಿಯಾರ ಕೆಟ್ಟಿದೆ, ನಿಧಾನವಾಗಿ ಬಾ’ ಎನ್ನುತ್ತಿದ್ದರು.

ಇನ್ನು ಈ ಶಾಸ್ತ್ರದ ತಿರುಳು, ಅಂದರೆ ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆ.

ಇಲ್ಲಿನ ಹಳೆಯ ಬಾಡಿಗೆ ಕಟ್ಟಡಗಳಲ್ಲಿ ಮನೆಗೊಂದು ವಾಷಿಂಗ್ ಮಷೀನ್ ಇರುವುದಿಲ್ಲ. ಕೆಳಗೊಂದು ಕೋಣೆ, ಅಲ್ಲೊಂದು ಯಂತ್ರ, ಗೋಡೆಗೊಂದು ಸರದಿ ಪಟ್ಟಿ, ಮನೆಯಿಂದ ಮನೆಗೆ ಹೋಗುವ ಒಂದು ಕೀಲಿಕೈ. ‘ಇಷ್ಟು ದುಡ್ಡಿನ ದೇಶದಲ್ಲಿ ಎರಡು ವಾರಕ್ಕೊಂದ್ಸಲ ಬಟ್ಟೆ ಒಗೆಯೋದಾ?’ ಎಂದು ಭಾವ ಹೌಹಾರಿದರು. ಹೌದು, ನನ್ನ ಪಾಳಿ ಎರಡು ವಾರಕ್ಕೊಂದು ಗುರುವಾರ. ಇದು ಸಣ್ಣ ವಿಷಯವಲ್ಲ. ಜ್ಯೂರಿಕ್‌ನ ಲೇಖಕ ಹ್ಯೂಗೊ ಲೋಚರ್ ಸ್ವಿಸ್ ಬದುಕಿನ ಮೇಲೆ ಬರೆದ ಲೇಖನಗಳನ್ನು ಸೇರಿಸಿ 1983ರಲ್ಲಿ ಪುಸ್ತಕ ತಂದಾಗ ಈ ಕೀಲಿಕೈಯ ಹೆಸರನ್ನೇ ಅದಕ್ಕೆ ಇಟ್ಟ.

ಮೊದಲ ಗುರುವಾರ ಕೆಳಗಿಳಿದಾಗ ಗೋಡೆಯ ಮೇಲೆ ನಿಯಮಗಳ ಹಾಳೆ. ಒಗೆತ ಮುಗಿದಮೇಲೆ ಯಂತ್ರದ ಬಾಯಿಯ ರಬ್ಬರು ಬಳೆಯನ್ನು ಒರೆಸಬೇಕು. ಸೋಪಿನ ಪುಟ್ಟ ಡಬ್ಬಿಯನ್ನು ಎಳೆದು ತೆಗೆದು ತೊಳೆಯಬೇಕು. ಬಟ್ಟೆ ಒಣಗಿಸುವ ಯಂತ್ರದ ಜಾಲರಿಯಲ್ಲಿ ಕೂತ ನೂಲಿನ ನವಿರು ಧೂಳನ್ನು ಬೆರಳಿನಿಂದ ಸವರಿ ಸುತ್ತಿ ತೆಗೆಯಬೇಕು. ಯಂತ್ರದ ಬಾಗಿಲನ್ನು ಮುಚ್ಚದೆ ಓರೆಯಾಗಿ ಬಿಡಬೇಕು. ನೆಲ ಒರೆಸಿ, ತಂತಿಯ ಮೇಲೆ ಒಂದು ಕಾಲುಚೀಲವೂ ಉಳಿಯದಂತೆ ನೋಡಿ, ಕೀಲಿಯನ್ನು ಮುಂದಿನವರಿಗೆ ಮುಟ್ಟಿಸಬೇಕು. ಭಾನುವಾರ ಯಂತ್ರವನ್ನು ಮುಟ್ಟಕೂಡದು.

ಓದುತ್ತ ಓದುತ್ತ ನನಗೆ ತಟ್ಟನೆ ಹೊಳೆಯಿತು. ಇದು ನಮ್ಮಜ್ಜಿಯ ಮಡಿ! ಒಣಹಾಕಿದ ಮಡಿಸೀರೆಯನ್ನು ಕೋಲಿನಿಂದಲೇ ತೆಗೆಯಬೇಕು, ಈ ಕಂಬದಿಂದಾಚೆ ಕಾಲಿಡಬಾರದು, ಆ ಪಾತ್ರೆ ಮುಸುರೆ, ಈ ಸೌಟು ಎಂಜಲು. ಅದೇ ಕಣ್ಣಿನಿಂದ ನೋಡಿದರೆ ಈ ದೇಶದ ಕಸವೂ ಸಲೀಸಾಗಿ ಅರ್ಥವಾಗುತ್ತದೆ. ಬಿಳಿ ಗಾಜು, ಹಸಿರು ಗಾಜು, ಕಂದು ಗಾಜು ಒಂದಕ್ಕೊಂದು ಸೋಕಬಾರದು. ರದ್ದಿ ಕಾಗದವನ್ನು ದಾರದಿಂದ ಚೌಕವಾಗಿ ಕಟ್ಟಬೇಕು. ಉಳಿದ ಕಸಕ್ಕೆ ಊರಾಡಳಿತ ಮುದ್ರೆಯೊತ್ತಿದ ಚೀಲವೇ ಆಗಬೇಕು. ಜ್ಯೂರಿಕ್‌ನಲ್ಲಿ ಇದು 1993ರಿಂದ ಇದೆ. ಖಾಲಿ ಚೀಲಕ್ಕೆ ತುಂಬಿದ ಚೀಲದಷ್ಟು ಬೆಲೆ ಕೊಡುವುದನ್ನು ಕಂಡು ಭಾವ, ‘ಕಸಕ್ಕೂ ದಕ್ಷಿಣೆಯಾ?’ ಎಂದರು. ಮಡಿ ಎಂದಮೇಲೆ ದಕ್ಷಿಣೆ ಇದ್ದದ್ದೇ. ಅವರು ಭಾನುವಾರ ಬೆಳಿಗ್ಗೆ ಖಾಲಿ ಬಾಟಲಿಗಳನ್ನು ಕೊಂಡೊಯ್ದು ಗಾಜಿನ ತೊಟ್ಟಿಗೆ ಒಂದೊಂದಾಗಿ ಕೆಡವಿದ ಸದ್ದಿನ ವಿಚಾರ ಇಲ್ಲಿ ಬೇಡ. ಆರು ಕಿಟಕಿಗಳು ತೆರೆದವು ಎಂದಷ್ಟೇ ದಾಖಲಿಸುತ್ತೇನೆ.

ಈಗ ಭಾಷೆಗೆ ಬರೋಣ, ಅಲ್ಲಿಂದ ಬೈಗುಳಕ್ಕೆ. ಸಂವಿಧಾನದಲ್ಲಿ ದೇಶಭಾಷೆ ನಾಲ್ಕು: ಜರ್ಮನ್, ಫ್ರೆಂಚ್, ಇಟಾಲಿಯನ್, 1938ರಲ್ಲಿ ಜನಮತದಿಂದ ಸೇರಿದ ರೊಮಾನ್ಶ್. ನಮ್ಮ ಬೀದಿಯಲ್ಲಿ ಇವು ಯಾವುವೂ ಕೇಳಿಸುವುದಿಲ್ಲ. ಬರೆಯುವುದು ಗ್ರಾಂಥಿಕ ಜರ್ಮನ್, ಆಡುವುದು ಸ್ವಿಸ್ ಜರ್ಮನ್. ಕುಂದಾಪುರದವನು ಮನೆಯಲ್ಲಿ ಒಂದು ಮಾತಾಡಿ ಪರೀಕ್ಷೆಯಲ್ಲಿ ಇನ್ನೊಂದು ಬರೆದ ಹಾಗೆ, ಆದರೆ ಇಲ್ಲಿ ಬ್ಯಾಂಕಿನವನೂ ಮಂತ್ರಿಯೂ ಕುಂದಾಪುರದವರೇ. ಈ ಆಡುಮಾತಿನ ಕೋಶದ ಕೆಲಸ ಹಿಡಿದದ್ದು 1862ರಲ್ಲಿ; ಹೆಸರು ಇಡಿಯೋಟಿಕಾನ್. ಗ್ರೀಕಿನಲ್ಲಿ ‘ತನ್ನದೇ ಆದದ್ದು’ ಎಂಬ ಮಾತಿನಿಂದ ಬಂದ ಹೆಸರು, ಬೇರೇನೂ ತಿಳಿಯಬಾರದು. ಕಿಟೆಲ್ ಒಂದು ಸಂಪುಟದಲ್ಲಿ ನಮ್ಮದನ್ನು ಮುಗಿಸಿ ಕೊಟ್ಟ. ಇವರದು 17ನೇ ಸಂಪುಟಕ್ಕೆ ಬಂದಿದೆ.

ತರಗತಿಯಲ್ಲಿ ನಾನು ಕಾಸು ಕೊಟ್ಟು ಕಲಿತದ್ದು ಗ್ರಾಂಥಿಕ. ಅಂಗಡಿಯಲ್ಲಿ ಅದನ್ನು ತಡವರಿಸಿದರೆ ಉತ್ತರ ಇಂಗ್ಲಿಷಿನಲ್ಲಿ ಬರುತ್ತಿತ್ತು. ನಾಲ್ಕು ವರ್ಷ ಹೆಣಗಿದಮೇಲೆ ಗ್ರಾಂಥಿಕದಲ್ಲೇ ಬರತೊಡಗಿತು. ಅದೂ ಸೌಜನ್ಯವೇ, ನನಗೆ ತಿಳಿಯಲೆಂದೇ. ಆದರೆ ಸೌಜನ್ಯವೆಂದರೆ ಹೊಸ್ತಿಲಾಚೆ ಕುರ್ಚಿ ಹಾಕಿ ಕೂರಿಸುವುದು. ನಮ್ಮಜ್ಜಿಯೂ ನೆಂಟರಿಗೆ ಬನ್ನಿ, ಕೂತ್ಕೊಳ್ಳಿ ಎನ್ನುತ್ತಿದ್ದಳು. ಬೈಗುಳ ಒಳಗಿನವರಿಗಷ್ಟೇ ಮೀಸಲು.

ಭಾವ ಇದ್ದ ಎರಡನೇ ಗುರುವಾರ ಬಟ್ಟೆ ಒಗೆದು, ಜಾಲರಿ ತೆಗೆಯುವುದನ್ನು ಮರೆತು, ಕೀಲಿಕೈಯನ್ನು ಜೇಬಿನಲ್ಲೇ ಇಟ್ಟುಕೊಂಡು ಮಲಗಿದೆ. ಮಾರನೇ ಬೆಳಿಗ್ಗೆ ಹಾಗೆಯೇ ವಿಂಟರ್‌ಥೂರ್‌ಗೆ ಕೆಲಸಕ್ಕೆ ಹೋದೆ. ಶುಕ್ರವಾರ ಮೂರನೇ ಮಹಡಿಯಮ್ಮನ ಪಾಳಿ. ಸಂಜೆ ಬಂದಾಗ ಮೆಟ್ಟಿಲ ಮೇಲೆ ಬಟ್ಟೆಯ ಬುಟ್ಟಿಯೊಂದಿಗೆ ನಿಂತಿದ್ದರು. ಗ್ರುಯೆತ್ಸಿ ಎಂದೆ. ಆಕೆ ಮೊದಲ ವಾಕ್ಯವನ್ನು ಗ್ರಾಂಥಿಕದಲ್ಲಿ ಶುರುಮಾಡಿದರು, ಅರ್ಧಕ್ಕೆ ಬರುವಷ್ಟರಲ್ಲಿ ವ್ಯಾಕರಣ ಕಳಚಿಬಿತ್ತು. ಆಮೇಲೆ ಬಂದದ್ದು ಗಂಟಲಿನ ಖಕಾರಗಳ ಮಳೆ. ಕೀಲಿ ಎಂಬುದು ತಿಳಿಯಿತು, ಜಾಲರಿ ತಿಳಿಯಿತು, ಹಿಂದಿನ ಮಾರ್ಚಿನಲ್ಲಿ ನಾನು ಬಿಟ್ಟುಹೋದ ಕಾಲುಚೀಲವೂ ಬಂತು. ಇಷ್ಟರಲ್ಲೂ ‘ನೀವು’ ಎಂಬರ್ಥದ ‘ಸೀ’ ಬಿಡಲಿಲ್ಲ. ಮೈಸೂರಿನ ಹಳಬರು ‘ನೀವು ಶುದ್ಧ ಕತ್ತೆ ಕಣ್ರೀ’ ಎನ್ನುವ ಹಾಗೆ. ಕೊನೆಗೆ ಕೀಲಿ ಕಸಿದುಕೊಂಡು, ‘ಯೆತ್ಸ್ ವುಸ್ಸೆದ್ ಸಿಸ್’ ಎಂದು ಇಳಿದುಹೋದರು. ಈಗ ಗೊತ್ತಾಯಿತಲ್ಲ ಎಂದು.

ಭಾವ ಬಾಗಿಲ ಸಂದಿಯಿಂದ ನೋಡಿದ್ದರು. ‘ಏನಂತೆ, ಮನೆ ಖಾಲಿ ಮಾಡಿಸ್ತಾಳಂತಾ?’ ಎಂದರು. ಅಲ್ಲ ಭಾವ, ಮನೆಗೆ ಸೇರಿಸಿಕೊಂಡರು ಎಂದೆ. ಮತತ್ರಯದವರು ಕ್ಷಮಿಸಬೇಕು: ಇಂಗ್ಲಿಷಿನಲ್ಲಿ ಉತ್ತರ ಬಂದರೆ ದ್ವೈತ, ಗ್ರಾಂಥಿಕದಲ್ಲಿ ಬಂದರೆ ವಿಶಿಷ್ಟಾದ್ವೈತ, ಆಡುಮಾತಿನಲ್ಲಿ ಬೈಗುಳ ಬಿದ್ದರೆ ಅದ್ವೈತ. 2018ರಿಂದ ಜಾರಿಯಲ್ಲಿರುವ ಕಾಯಿದೆಯ ಪ್ರಕಾರ ಪೌರತ್ವಕ್ಕೆ ಹತ್ತು ವರ್ಷ ಇಲ್ಲಿ ಬಾಳಿರಬೇಕು, ಮಾತಿಗೆ ‘ಬಿ1’, ಬರಹಕ್ಕೆ ‘ಎ2’ ಮಟ್ಟ ಮುಟ್ಟಿರಬೇಕು. ಬೈಸಿಕೊಂಡ ಪ್ರಮಾಣಪತ್ರವನ್ನು ಅದರಲ್ಲಿ ಯಾರೂ ಕೇಳಿಲ್ಲ. ಆದ್ದರಿಂದ ವಿಷಯ ಎಂದು ಆರಂಭದಲ್ಲಿ ಹೇಳಿದ್ದನ್ನು ಓದುಗರು ತಿದ್ದಿಕೊಳ್ಳಬೇಕು. ‘ಬೈಸಿಕೊಳ್ಳದೆ’ ಎಂದಿರುವಲ್ಲಿ ‘ಬೈಸಿಕೊಂಡು’ ಎಂಬುದೇ ಶುದ್ಧಪಾಠ.

ಆಕ್ಷೇಪಣೆ ಇದ್ದವರು ಫೋನ್ ಮಾಡಬಹುದು. ಬರುವ ಗುರುವಾರ ಮಾತ್ರ ಬೇಡ, ಅವತ್ತು ನನ್ನ ಪಾಳಿ.