ರಾಬರ್ಟ್‌ಸನ್‌ಪೇಟೆಗೆ ಚನ್ನಗಿರಿ ಪೇಟೆಯ ಕಾಗದ

ತೀರ್ಥರೂಪ ಸಮಾನರಾದ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯವರಿಗೆ ಚನ್ನಗಿರಿ ಪೇಟೆ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ.

ನಿಮ್ಮ ವೈಭವ ಕೇಳುತ್ತಲೇ ಬೆಳೆದವರು ನಾವು. ನೆಲದಡಿ ಚಿನ್ನ ಸಿಕ್ಕಿತು, ಬ್ರಿಟಿಷ್ ರೆಸಿಡೆಂಟ್ ಡೊನಾಲ್ಡ್ ರಾಬರ್ಟ್‌ಸನ್ ಹೆಸರಿನಲ್ಲಿ ಅಚ್ಚುಕಟ್ಟಾದ ಪೇಟೆ ಎದ್ದಿತು. 1902ರಲ್ಲೇ ಶಿವನಸಮುದ್ರದ ಕರೆಂಟು ಗಣಿಗೆ ಬಂತು. ಬೆಂಗಳೂರಿನ ಬೀದಿಗಳು ಇನ್ನೂ ಮೂರು ವರ್ಷ ಎಣ್ಣೆ ದೀಪದಲ್ಲೇ ಇದ್ದವು. ಗಣಿಯ ಬಟವಾಡೆಯಾದರೆ ನಿಮ್ಮ ಅಂಗಡಿ ಸಾಲಿಗೆ ಜಾತ್ರೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಚಿನ್ನ ಊರು ಬಿಟ್ಟಿತು, ಸಯನೈಡ್ ದಿಬ್ಬ ಊರಿಗುಳಿಯಿತು. ನಿಮ್ಮ ಮಕ್ಕಳು ಬೆಳಗಿನ ರೈಲಿಗೆ ಬೆಂಗಳೂರು ಸೇರಿ ದುಡಿಯುತ್ತಿದ್ದಾರೆ. ಸಿನಿಮಾದವರು ಮಾತ್ರ ಆ ದಿಬ್ಬದಿಂದಲೂ ಕೋಟಿ ಕೋಟಿ ಬಾಚಿದರು.

ನಮಗೆ ಆ ಗತಿ ಬಾರದು. ನಮ್ಮ ಚಿನ್ನ ಮರದ ಮೇಲಿದೆ! ರಾಶಿ ಅಡಿಕೆ ಕ್ವಿಂಟಾಲಿಗೆ 50 ಸಾವಿರ ದಾಟಿದ್ದೇ ತಡ, ಒಡವೆ ಅಂಗಡಿ, ಬೈಕ್ ಷೋರೂಮು, ಕಲ್ಯಾಣ ಮಂಟಪ. ನಮ್ಮನ್ನು ಕಂಡು ಹೊನ್ನಾಳಿ, ನ್ಯಾಮತಿಯ ಭತ್ತದ ಗದ್ದೆಗಳೂ ತೋಟವಾದವು. ಬರದ ಜಗಳೂರಿನಲ್ಲೂ ಸಸಿ ನೆಟ್ಟಾಯಿತು. 57 ಕೆರೆ ತುಂಬಿಸುವ ತುಂಗಭದ್ರೆಯ ಮೇಲೆ ಅಷ್ಟು ಭರವಸೆ.

ನೆಲ ಕೊರೆಯುವುದರಲ್ಲಂತೂ ನೀವು ತುಂಬ ನಿಧಾನಸ್ಥರು. ಮೂರು ಕಿಲೋಮೀಟರ್ ಇಳಿಯಲು ನೂರಿಪ್ಪತ್ತು ವರ್ಷವೇ? ನಮ್ಮಲ್ಲಿ ರಿಗ್ ಲಾರಿ ಸಂಜೆ ಬಂದರೆ ಬೆಳಗಾಗುವುದರೊಳಗೆ 800 ಅಡಿ. ಬರೀ ಧೂಳು ಬಂದರೆ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡವರು ಪಕ್ಕದಲ್ಲೇ ಇನ್ನೊಂದು ಪಾಯಿಂಟ್ ತೋರಿಸುತ್ತಾರೆ. ಬೇಸಿಗೆಗೆ ಟ್ಯಾಂಕರ್ ಇದೆ. ಮನೆಯ ನಲ್ಲಿ ಒಣಗಿದರೂ ಮರದ ಬುಡ ಒಣಗಬಾರದು.

ಅಡಿಕೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲೇ ವರದಿ ಕೊಟ್ಟಿತು. ನಾವು ಇನ್ನಷ್ಟು ಎಕರೆ ನೆಟ್ಟು ಉತ್ತರ ಕೊಟ್ಟೆವು.

ಈ ಕಾಗದ ಬಹಿರಂಗವಾದ್ದರಿಂದ ನಮ್ಮ ನಾಲ್ಕು ತಾಲ್ಲೂಕಿನ ಬಾಂಧವರಿಗೂ ಒಂದು ಮಾತು: ಒಂದೇ ಬೆಳೆಗೆ ಊರನ್ನು ಅಡವಿಡಬೇಡಿ. ಎರಡು ಎಕರೆಯನ್ನಾದರೂ ರಾಗಿ, ಜೋಳಕ್ಕೆ ಬಿಡಿ. ಹೊಸ ಮಳಿಗೆಗೆ ಇನ್ನೊಂದು ಅಂತಸ್ತು ಏರಿಸುವ ಮೊದಲು ಸೂಳೆಕೆರೆಯ ಹೂಳು ತೆಗೆಸಿರೆಂದು ಸರ್ಕಾರದ ಬೆನ್ನು ಹತ್ತಿ.

ಇತಿ ತಮ್ಮ ವಿಧೇಯ,
ಚನ್ನಗಿರಿ ಪೇಟೆ